ಬರಿಮೈ ಚಾಸಿಗೆ ಎಂಥ ಬಣ್ಣ?

ಹಳೆಯ ಜೀಪಿನ ಬಾಡಿ ಇಳಿಸಿ, ಇಂಜಿನ್ನು, ಗೇರ್ ಬಾಕ್ಸು, ಆಕ್ಸಲ್ಲುಗಳನ್ನೆಲ್ಲ ಕಳಚಿಟ್ಟ ಮೇಲೆ ಕೊನೆಗೆ ಉಳಿಯುವುದು ಚಾಸಿ. ಜಾವಾ, ಯೆಜ್ಡಿ, ಬುಲೆಟ್ ಆದರೆ ಫ್ರೇಮು. ಹಳೆಯ ಬಣ್ಣ, ಗ್ರೀಸು, ತುಕ್ಕು ಎಲ್ಲ ಹೋಗಿ ಅದು ಬೂದು ಬಣ್ಣದ ಬರಿ ಉಕ್ಕಾಗಿ ನಿಂತಾಗ ಮಾಲೀಕರಿಗೆ ಏಳುವ ಪ್ರಶ್ನೆ ಒಂದೇ: ಇದಕ್ಕೆ ಏನು ಹೊಡೆಸೋದು? ಉತ್ತರಕ್ಕೇನೂ ಬರವಿಲ್ಲ. ಹಾರ್ಡ್‌ವೇರ್ ಅಂಗಡಿಯವರು ರೆಡ್ ಆಕ್ಸೈಡ್ ಡಬ್ಬಿ ತೆಗೆದಿಡುತ್ತಾರೆ. ಗ್ಯಾರೇಜಿನ ಪೇಂಟರು ಎಪಾಕ್ಸಿ ಅನ್ನುತ್ತಾರೆ. ಬೆಂಗಳೂರಿನ ಪೀಣ್ಯದಲ್ಲಿ ಪರಿಚಯದವರಿದ್ದರೆ ಪೌಡರ್ ಕೋಟಿಂಗ್ ಮಾಡಿಸಿಬಿಡಿ ಎಂಬ ಸಲಹೆ ಬರುತ್ತದೆ. ಲಾರಿ ಓಡಿಸಿ ಅನುಭವ ಇದ್ದವರು ಚಾಸಿ ಬ್ಲ್ಯಾಕ್ ಹೊಡೆದು ಪ್ರತಿ ಮಳೆಗಾಲಕ್ಕೆ ಮುಂಚೆ ಆಯಿಲ್ ಸ್ಪ್ರೇ ಮಾಡಿಸಿದರೆ ಸಾಕು ಅನ್ನುತ್ತಾರೆ.

ಇವುಗಳಲ್ಲಿ ಯಾವುದೂ ಪೂರ್ತಿ ತಪ್ಪಲ್ಲ. ಒಂದೊಂದೂ ಲೋಹದ ಒಂದೊಂದು ಸ್ಥಿತಿಗೆ, ಗಾಡಿಯ ಒಂದೊಂದು ಬಗೆಯ ಬಳಕೆಗೆ ಸರಿಹೊಂದುತ್ತದೆ. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಖಚಿತವಾಗುವುದು ಇಷ್ಟು: ಲೋಹವನ್ನು ನಮ್ಮ ಕೈಲಿ ಎಷ್ಟರ ಮಟ್ಟಿಗೆ ಶುಚಿ ಮಾಡಲು ಆಗುತ್ತದೆ, ಆ ಚಾಸಿಯಲ್ಲಿ ನೀರು ಎಲ್ಲಿ ನಿಲ್ಲುತ್ತದೆ ಎಂಬ ಎರಡು ಸಂಗತಿ ಮೊದಲು ತೀರ್ಮಾನವಾಗಬೇಕು. ಡಬ್ಬಿಯ ಮೇಲಿನ ಹೆಸರಿನ ಸರದಿ ಆಮೇಲಿನದು. ನಮ್ಮಲ್ಲಿ ಸಾಮಾನ್ಯವಾಗಿ ಈ ಕ್ರಮ ತಿರುವುಮುರುವಾಗಿದೆ. ದುಬಾರಿ ಬಣ್ಣ ತಂದು, ಅರ್ಧಂಬರ್ಧ ಉಜ್ಜಿದ ಲೋಹಕ್ಕೆ ಹೊಡೆಸಿ, ಎರಡು ಮಳೆಗಾಲ ಕಳೆಯುವುದರೊಳಗೆ ಹಪ್ಪಳೆ ಏಳುವುದನ್ನು ನೋಡುತ್ತೇವೆ.

ತುಕ್ಕು ಹಿಡಿಯುವುದು ಒಂದು ವಿದ್ಯುತ್ ರಾಸಾಯನಿಕ ಕ್ರಿಯೆ. ಉಕ್ಕಿನ ಮೇಲಿನ ತೇವದ ಪೊರೆಯ ಕೆಳಗೆ ಒಂದು ಜಾಗದಲ್ಲಿ ಕಬ್ಬಿಣ ಕರಗುತ್ತ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ, ಪಕ್ಕದ ಜಾಗದಲ್ಲಿ ಗಾಳಿಯ ಆಮ್ಲಜನಕ ಅದನ್ನು ತೆಗೆದುಕೊಳ್ಳುತ್ತದೆ. ನಡುವಿನ ನೀರು ಮಂಡಲವನ್ನು ಪೂರ್ತಿ ಮಾಡುತ್ತದೆ. ಆ ನೀರಿಗೆ ಉಪ್ಪು ಸೇರಿದರೆ ಕೆಲಸ ಹಲವು ಪಟ್ಟು ಚುರುಕಾಗುತ್ತದೆ. ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 12944 ವಾತಾವರಣವನ್ನು ಈ ಲೆಕ್ಕದಲ್ಲೇ ವಿಂಗಡಿಸುತ್ತದೆ. ಮಧ್ಯಮ ಎನಿಸಿದ ಸಿ3 ವರ್ಗದಲ್ಲಿ ಬರಿ ಉಕ್ಕು ಮೊದಲ ವರ್ಷದಲ್ಲಿ 25ರಿಂದ 50 ಮೈಕ್ರಾನ್ ಸವೆಯುತ್ತದೆ. ಉಪ್ಪುಗಾಳಿಯ ಸಿ5 ವರ್ಗದಲ್ಲಿ 80ರಿಂದ 200 ಮೈಕ್ರಾನ್. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಚಾಸಿಯ ತಗಡು ಎರಡು-ಮೂರು ಮಿಲಿಮೀಟರ್ ದಪ್ಪವಿದ್ದು ಎರಡೂ ಮುಖದಿಂದ ಸವೆಯುತ್ತ ಹೋದರೆ ಏನಾಗುತ್ತದೆಂದು ಲೆಕ್ಕ ಹಾಕಬಹುದು.

ಉಪ್ಪು ಅಂದಕೂಡಲೇ ಮಂಗಳೂರು, ಮಲ್ಪೆ, ಕಾರವಾರ ನೆನಪಾಗುತ್ತದೆ. ಮೀನಿನ ಲಾರಿಗಳ ಮಂಜುಗಡ್ಡೆ ಕರಗಿ ತೊಟ್ಟಿಕ್ಕುವ ನೀರು ಚಾಸಿಯ ಮೇಲೆ ಇಳಿಯುವುದನ್ನು ಕರಾವಳಿಯ ಹೆದ್ದಾರಿಯಲ್ಲಿ ಯಾರಾದರೂ ನೋಡಿರುತ್ತಾರೆ. ಆದರೆ ಘಟ್ಟದ ಮೇಲಿನವರು ನಮಗೇನೂ ಇಲ್ಲ ಎಂದು ನಿಶ್ಚಿಂತರಾಗುವಂತಿಲ್ಲ. ರೈತರು ಪೊಟ್ಯಾಷ್ ಎಂದು ಕರೆಯುವ ಗೊಬ್ಬರ ಪೊಟ್ಯಾಸಿಯಂ ಕ್ಲೋರೈಡ್. ಅಡುಗೆ ಉಪ್ಪಿನಲ್ಲಿರುವ ಕ್ಲೋರೈಡೇ ಅದರಲ್ಲೂ ಇರುವುದು. ಹರಿದ ಚೀಲದಿಂದ ಜೀಪಿನ ನೆಲಹಾಸಿನ ಸಂದಿಗೆ ಉದುರಿದ ಪೊಟ್ಯಾಷ್ ಗಾಳಿಯ ತೇವ ಸೇರಿಕೊಂಡು ಅಲ್ಲೇ ಕೂರುತ್ತದೆ. ಇನ್ನು ಅಡಕೆ, ಕಾಫಿ, ಮೆಣಸಿಗೆ ಸಿಂಪಡಿಸುವ ಬೋರ್ಡೋ ದ್ರಾವಣದ ಮೈಲುತುತ್ತ. ಅದನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದೆಂಬುದು ತೋಟದ ಪ್ರತಿಯೊಬ್ಬರಿಗೂ ಗೊತ್ತು. ಕಬ್ಬಿಣ ಕರಗಿ ತಾಮ್ರ ಅದರ ಮೇಲೆ ಕೂರುತ್ತದೆ, ತಾಮ್ರ ಕೂತಲ್ಲಿ ಪಕ್ಕದ ಕಬ್ಬಿಣ ಇನ್ನೂ ಬೇಗ ತಿನ್ನಿಸಿಕೊಳ್ಳುತ್ತದೆ. ಅದೇ ಮೈಲುತುತ್ತವನ್ನು ಸುಣ್ಣ ಬೆರೆಸುವ ಮುಂಚೆ ಜೀಪಿನಲ್ಲಿ ಸಾಗಿಸುವಾಗ ತುಳುಕಿದ ನೀರು ಬೀಳುವುದು ಚಾಸಿಯ ಮೇಲೆಯೇ. ಇದರ ಜೊತೆಗೆ ಅಡ್ಡಪಟ್ಟಿಗಳ ಒಳಗೆ ಕಟ್ಟಿಕೊಂಡು ವಾರಗಟ್ಟಲೆ ಒದ್ದೆಯಾಗೇ ಇರುವ ಮಲೆನಾಡಿನ ಕೆಸರು.

ಇಂಥ ಕಡೆ ಚಾಸಿಗೆ ಬಣ್ಣ ಎಂದರೆ ಅಲಂಕಾರದ ಮಾತಲ್ಲ. ಬ್ರೇಕಿನ ಪೈಪು, ಸ್ಪ್ರಿಂಗ್ ಹಿಡಿದಿರುವ ಬ್ರಾಕೆಟ್ಟು, ಸ್ಟಿಯರಿಂಗ್ ಬಾಕ್ಸು ಎಲ್ಲ ನಿಂತಿರುವುದು ಆ ತಗಡಿನ ಮೇಲೆ.

ಈಗ ಶುಚಿಯ ವಿಷಯ. ಇಲ್ಲಿ ತುಸು ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಮುಂದಿನ ಎಲ್ಲವೂ ಇದರ ಮೇಲೆ ನಿಂತಿದೆ. ಕಾರ್ಖಾನೆಯಲ್ಲಿ ಕಾಯಿಸಿ ಉರುಳಿಸಿ ತಗಡು ಮಾಡುವಾಗ ಉಕ್ಕಿನ ಮೇಲೆ ನೀಲಿಗಪ್ಪು ಬಣ್ಣದ ಗಟ್ಟಿ ಪೊರೆ ಕೂರುತ್ತದೆ, ಮಿಲ್ ಸ್ಕೇಲ್ ಎನ್ನುತ್ತಾರೆ. ನೋಡಲು ಬಲು ಭದ್ರ. ಆದರೆ ಅದು ಬಿರುಕು ಬಿಟ್ಟಲ್ಲಿ ಬರಿ ಉಕ್ಕಿಗೂ ಅದಕ್ಕೂ ನಡುವೆ ವಿದ್ಯುತ್ ವ್ಯತ್ಯಾಸ ಉಂಟಾಗಿ ಉಕ್ಕಿನಲ್ಲಿ ಗುಳಿ ಬೀಳುತ್ತದೆ. ಮೇಲೆ ಬಣ್ಣ ಹೊಡೆದಿದ್ದರೆ ಪೊರೆ ಉದುರುವಾಗ ಬಣ್ಣವನ್ನೂ ಕರೆದುಕೊಂಡು ಹೋಗುತ್ತದೆ. ಹೊಸದಾಗಿ ಬೆಸುಗೆ ಹಾಕಿಸಿದ ಚಾಸಿ ತುಂಡುಗಳಲ್ಲಿ ಇದು ತೀರಾ ಸಾಮಾನ್ಯ. ವೈರ್ ಬ್ರಷ್ಷು ಇದನ್ನು ತೆಗೆಯುವುದಿಲ್ಲ, ಹೊಳಪು ಕೊಡುತ್ತದೆ ಅಷ್ಟೆ.

ಮಿಲ್ ಸ್ಕೇಲ್ ಇನ್ನೂ ಇದೆಯೋ ಹೋಗಿದೆಯೋ ತಿಳಿಯಲು ಮತ್ತೆ ಮೈಲುತುತ್ತವೇ ಉಪಕಾರಿ. ಒಂದು ಚಿಟಿಕೆಯನ್ನು ಅರ್ಧ ಲೋಟ ನೀರಿನಲ್ಲಿ ಕರಗಿಸಿ ಹತ್ತಿಯಲ್ಲಿ ಅದ್ದಿ ಲೋಹಕ್ಕೆ ಸವರಿದರೆ, ಬರಿ ಉಕ್ಕಿರುವಲ್ಲಿ ಕ್ಷಣದಲ್ಲಿ ತಾಮ್ರದ ಕೆಂಪು ಬಣ್ಣ ಬರುತ್ತದೆ. ಮಿಲ್ ಸ್ಕೇಲ್ ಇರುವಲ್ಲಿ ಕಪ್ಪು ಹಾಗೇ ಉಳಿಯುತ್ತದೆ. ಕೈಯಗಲದ ಒಂದೆರಡು ಜಾಗದಲ್ಲಿ ಮಾತ್ರ ನೋಡಿ, ಆಮೇಲೆ ಆ ಕೆಂಪನ್ನು ಉಜ್ಜಿ ಪೂರ್ತಿ ತೆಗೆದು ತೊಳೆಯಬೇಕು. ತಾಮ್ರ ಅಲ್ಲೇ ಉಳಿದರೆ ಮುಂದೆ ತೊಂದರೆ. ಎಣ್ಣೆಯ ಅಂಶ ಉಳಿದಿದೆಯೇ ಎಂದು ನೋಡುವುದು ಇನ್ನೂ ಸುಲಭ. ಶುದ್ಧ ನೀರು ಎರಚಿದರೆ ಅದು ಒಂದೇ ಹಾಳೆಯಾಗಿ ಹರಡಬೇಕು. ಹನಿಹನಿಯಾಗಿ ಮುದುರಿದರೆ ಗ್ರೀಸು ಇನ್ನೂ ಇದೆ. ಗ್ರೀಸನ್ನು ಬ್ಲಾಸ್ಟಿಂಗಿಗೆ ಮುಂಚೆಯೇ ಥಿನ್ನರಿನಲ್ಲಿ ಇಲ್ಲವೇ ಸೋಪಿನ ನೀರಿನಲ್ಲಿ ತೆಗೆದಿರಬೇಕು. ಇಲ್ಲದಿದ್ದರೆ ಬ್ಲಾಸ್ಟಿಂಗ್ ಅದನ್ನು ಲೋಹದ ಒರಟು ಮೈಯೊಳಕ್ಕೆ ತುರುಕುತ್ತದೆ.

ಶುಚಿಯ ದರ್ಜೆಗಳನ್ನು ಐಎಸ್‌ಒ 8501 ಚಿತ್ರಸಮೇತ ವಿವರಿಸುತ್ತದೆ. ಕೈಯಿಂದ, ಗ್ರೈಂಡರಿನಿಂದ ಉಜ್ಜಿದ್ದಕ್ಕೆ ಎಸ್‌ಟಿ 2, ಎಸ್‌ಟಿ 3. ಬ್ಲಾಸ್ಟ್ ಮಾಡಿದ್ದಕ್ಕೆ ಎಸ್‌ಎ 1ರಿಂದ ಎಸ್‌ಎ 3ರವರೆಗೆ. ಒಳ್ಳೆಯ ಬಣ್ಣದ ಕಂಪನಿಗಳ ಮಾಹಿತಿ ಹಾಳೆಗಳಲ್ಲಿ ಪದೇಪದೇ ಕಾಣುವ ಎಸ್‌ಎ 2½ ಎಂದರೆ ಹಳೆಯದರ ಗುರುತು ತೆಳುವಾದ ಕಲೆ, ಗೆರೆಗಳ ಮಟ್ಟಕ್ಕೆ ಮಾತ್ರ ಉಳಿದಿರುವ ಸ್ಥಿತಿ. ಬ್ಲಾಸ್ಟಿಂಗ್ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ನುಣುಪಾದ ಉಕ್ಕಿನಲ್ಲಿ ಸುಮಾರು 40ರಿಂದ 75 ಮೈಕ್ರಾನ್ ಆಳದ ಏರಿಳಿತ ಮೂಡಿಸುತ್ತದೆ, ಬಣ್ಣ ಅದರಲ್ಲಿ ಕಚ್ಚಿಕೊಳ್ಳುತ್ತದೆ.

ಎಲ್ಲರೂ ಸ್ಯಾಂಡ್ ಬ್ಲಾಸ್ಟಿಂಗ್ ಅನ್ನುತ್ತಾರೆ, ಅನೇಕ ಕಡೆ ಈಗಲೂ ಮರಳನ್ನೇ ಹೊಡೆಯುತ್ತಾರೆ. ಇದನ್ನು ಸುಮ್ಮನೆ ಒಪ್ಪಿಕೊಳ್ಳಬಾರದು. ಮರಳು ಒಡೆದು ಏಳುವ ಸಿಲಿಕಾ ದೂಳು ಶ್ವಾಸಕೋಶ ಸೇರಿದರೆ ಬರುವ ಸಿಲಿಕೋಸಿಸ್‌ಗೆ ಮದ್ದಿಲ್ಲ. ಕೋಲಾರದ ಚಿನ್ನದ ಗಣಿಗಳ ಕಾರ್ಮಿಕ ಕುಟುಂಬಗಳು ಈ ರೋಗವನ್ನು ತಲೆಮಾರುಗಟ್ಟಲೆ ಕಂಡಿವೆ. ಬ್ರಿಟನ್ನು ಬ್ಲಾಸ್ಟಿಂಗಿಗೆ ಮರಳು ಬಳಸುವುದನ್ನು ಸ್ವಾತಂತ್ರ್ಯಾನಂತರದ ನಮ್ಮ ಮೊದಲ ವರ್ಷಗಳಲ್ಲೇ ನಿಷೇಧಿಸಿತು. ಗಾರ್ನೆಟ್, ಸ್ಟೀಲ್ ಗ್ರಿಟ್ ಬಳಸುವ ಅಂಗಡಿ ಹುಡುಕಿ, ನಾಲ್ಕು ಕಾಸು ಹೆಚ್ಚು ಕೊಟ್ಟು ಅಲ್ಲೇ ಮಾಡಿಸಿ ಎಂದು ನಾನು ಒತ್ತಿ ಹೇಳುತ್ತೇನೆ. ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ನಮ್ಮ ಚಾಸಿಗೆ ಮರಳು ಹೊಡೆಯುವ ಹುಡುಗನ ಉಸಿರಿನ ಬೆಲೆಯಲ್ಲಿ ಯಾವ ಗಾಡಿಯೂ ಚಂದ ಆಗಬೇಕಿಲ್ಲ.

ಬ್ಲಾಸ್ಟಿಂಗಿಗೆ ಕಳಿಸುವ ಮುಂಚೆ ಚಾಸಿ ನಂಬರನ್ನು ದಪ್ಪ ಟೇಪಿನಿಂದ, ಸಾಧ್ಯವಾದರೆ ರಬ್ಬರ್ ಹಾಳೆಯಿಂದ ಮುಚ್ಚಬೇಕು. ಆರ್‌ಟಿಒ ಕೆಲಸಕ್ಕೆ ಆ ನಂಬರಿನ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಬೇಕಾಗುತ್ತದೆ. ಗ್ರಿಟ್ಟು ಸವೆಸಿದ ನಂಬರೂ, ಪುಟ್ಟಿ ತುಂಬಿದ ನಂಬರೂ, ದಪ್ಪ ಪೌಡರ್ ಕೂತ ನಂಬರೂ ಒಂದೇ ಥರ ಕಷ್ಟ ಕೊಡುತ್ತವೆ. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಬೈಕುಗಳನ್ನು ಉಳಿಸಿಕೊಂಡವರಿಗೆ ಆ ಅಂಕಿಗಳು ದಾಖಲೆಗಿಂತಲೂ ಹೆಚ್ಚಿನವು. ಅದರ ಮೇಲೆ ತೆಳುವಾದ ಪ್ರೈಮರ್, ತೆಳುವಾದ ಬಣ್ಣ ಸಾಕು.

ಬ್ಲಾಸ್ಟ್ ಆದ ಉಕ್ಕು ಕಾಯುವುದಿಲ್ಲ. ತೇವದ ಗಾಳಿಯಲ್ಲಿ ಕೆಲವೇ ಗಂಟೆಗಳಲ್ಲಿ ಅರಿಶಿನ ಛಾಯೆ ಬರುತ್ತದೆ. ಬರಿಗೈಯಲ್ಲಿ ಮುಟ್ಟಿದರೆ ಬೆವರಿನ ಉಪ್ಪು ಬೆರಳಚ್ಚಾಗಿ ಉಳಿದು ಮುಂದೆ ಅಲ್ಲೇ ತುಕ್ಕು ಏಳುತ್ತದೆ. ಬ್ಲಾಸ್ಟಿಂಗ್ ಒಂದೂರಿನಲ್ಲಿ, ಪೇಂಟಿಂಗ್ ಇನ್ನೊಂದೂರಿನಲ್ಲಿ ಎಂದು ಯೋಜನೆ ಹಾಕಿದರೆ ದಾರಿಯಲ್ಲೇ ಅರ್ಧ ಕೆಲಸ ಹಾಳು. ಅದೇ ಅಂಗಡಿಯಲ್ಲಿ, ಅದೇ ದಿನ ಮೊದಲ ಪ್ರೈಮರ್ ಬೀಳುವ ಹಾಗೆ ಮಾತಾಡಿಕೊಳ್ಳಬೇಕು.

ಬಣ್ಣಗಳ ಸಮೀಕ್ಷೆಯನ್ನು ಎಲ್ಲರಿಗೂ ಪರಿಚಿತವಾದ ರೆಡ್ ಆಕ್ಸೈಡಿನಿಂದಲೇ ಶುರು ಮಾಡೋಣ. ಕೆಂಪು ಬಣ್ಣ ಕೊಡುವ ಪುಡಿ ಸ್ವತಃ ಕಬ್ಬಿಣದ ಆಕ್ಸೈಡು. ಅದು ತುಕ್ಕನ್ನು ತಡೆಯುವ ರಾಸಾಯನಿಕವಲ್ಲ, ಬಣ್ಣಕ್ಕೆ ಮೈ ಕೊಡುವ ತುಂಬಣಿ. ಭಾರತೀಯ ಮಾನಕ ಐಎಸ್ 2074ರ ಪ್ರೈಮರಿನಲ್ಲಿ ಅದರ ಜೊತೆಗೆ ಜಿಂಕ್ ಕ್ರೋಮೇಟ್ ಇರುತ್ತದೆ. ತಡೆಯುವ ಕೆಲಸ ಅದರದು. ಕ್ರೋಮೇಟ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಅದರಲ್ಲಿರುವ ಕ್ರೋಮಿಯಂನ ರೂಪ ಕ್ಯಾನ್ಸರ್‌ಕಾರಕ. ಒಣ ಪ್ರೈಮರನ್ನು ಎಮರಿ ಪೇಪರಿನಲ್ಲಿ ಉಜ್ಜುವವರು ಆ ದೂಳು ಕುಡಿಯುತ್ತಾರೆ. ಹಾಗಾಗಿ ಜಗತ್ತು ಜಿಂಕ್ ಫಾಸ್ಫೇಟಿನ ಕಡೆ ಹೊರಳಿದೆ. ಅದಕ್ಕೂ ಹಿಂದಿನ ಸಿಂಧೂರದ ಪ್ರೈಮರ್, ಅಂದರೆ ರೆಡ್ ಲೆಡ್, ಸೀಸದ್ದು. ಮನೆಬಳಕೆಯ ಬಣ್ಣದಲ್ಲಿ ಸೀಸವನ್ನು ಹತ್ತು ಲಕ್ಷಕ್ಕೆ 90 ಭಾಗಕ್ಕೆ ಇಳಿಸಿದ ಭಾರತದ ನಿಯಮ 2016ರಲ್ಲಿ ಬಂತು. ಹಳೆಯ ಜೀಪಿನಿಂದ ಕೆರೆದು ತೆಗೆಯುವ ಬಣ್ಣದಲ್ಲಿ ಸೀಸ ಇದ್ದೀತು ಎಂದೇ ಎಣಿಸಿ, ನೀರು ಹಾಕಿ ಉಜ್ಜುವುದು ಒಳ್ಳೆಯದು.

ಅಂಗಡಿಯ ಅಗ್ಗದ ರೆಡ್ ಆಕ್ಸೈಡ್ ಮತ್ತು ಮೇಲೊಂದು ಎನಾಮೆಲ್ ಬೇಡವೇ ಬೇಡ ಎನ್ನಲಾರೆ. ವೈರ್ ಬ್ರಷ್ಷು ಬಿಟ್ಟು ಬೇರೇನೂ ಸಾಧ್ಯವಿಲ್ಲದ ಕಡೆ, ಪ್ರತಿ ವರ್ಷ ಬ್ರಷ್ ಹಿಡಿಯಲು ಸಿದ್ಧರಿರುವ ಕಡೆ, ಟ್ರ್ಯಾಕ್ಟರ್ ಟ್ರೇಲರಿನಂಥದ್ದಕ್ಕೆ ಅದು ನಡೆಯುತ್ತದೆ. ಎಣ್ಣೆಯಂಶದ ಆ ಬಣ್ಣ ಪೂರ್ತಿ ಶುಚಿಯಿಲ್ಲದ ಲೋಹವನ್ನೂ ತಕ್ಕಮಟ್ಟಿಗೆ ನೆನೆಸಿ ಹಿಡಿಯುತ್ತದೆ. ಸತು ಬಳಿದ ಲೋಹದ ಮೇಲೆ ಮಾತ್ರ ಅದನ್ನು ಹೊಡೆಯಲೇಬಾರದು. ಸತುವಿನ ಕ್ಷಾರ ಬಣ್ಣದಲ್ಲಿರುವ ಎಣ್ಣೆಯನ್ನು ಸಾಬೂನಾಗಿ ಪರಿವರ್ತಿಸುತ್ತದೆ. ಜಿಐ ಪೈಪಿನ ಗೇಟುಗಳ ಬಣ್ಣ ಹಾಳೆಹಾಳೆಯಾಗಿ ಏಳುವುದು ಇದರಿಂದಲೇ. ಪೇಂಟರುಗಳು ಡುಕೊ ಎನ್ನುವ ನೈಟ್ರೋಸೆಲ್ಯುಲೋಸ್ ಬಣ್ಣ ಬೇಗ ಒಣಗಿ ಮಿಂಚುತ್ತದೆ ನಿಜ. ತೆಳು ಮತ್ತು ಬಿರುಸಾದ ಆ ಪದರಕ್ಕೆ ಕಲ್ಲೇಟು ತಿನ್ನುವ ಚಾಸಿಯಲ್ಲಿ ಕೆಲಸವಿಲ್ಲ.

ಎಚ್ ಪ್ರೈಮರ್ ಬಗ್ಗೆ ಗೊಂದಲ ಬಹಳ. ಅದರಲ್ಲಿರುವ ಫಾಸ್ಫಾರಿಕ್ ಆಮ್ಲ ಲೋಹವನ್ನು ಕಚ್ಚಿ, ಹತ್ತು ಮೈಕ್ರಾನಿನಷ್ಟು ತೆಳುವಾದ ಪದರವನ್ನು ಕೂರಿಸುತ್ತದೆ. ಅಲ್ಯೂಮಿನಿಯಂಗೆ, ನುಣುಪಾದ ಸತುವಿನ ಮೈಗೆ ಇದರಿಂದ ಲಾಭವಿದೆ. ಬ್ಲಾಸ್ಟ್ ಮಾಡಿದ ಉಕ್ಕಿಗೆ ಇದರ ಅಗತ್ಯವಿಲ್ಲ. ಅದರ ಮೇಲೆ ಎಪಾಕ್ಸಿ ಹೊಡೆದರೆ ಉಳಿದ ಆಮ್ಲ ಎಪಾಕ್ಸಿಯ ಹಾರ್ಡನರನ್ನೇ ಕೆಡಿಸುವ ಅಪಾಯ ಉಂಟು. ಬಹಳ ಕಂಪನಿಗಳು ಈ ಜೋಡಿಯನ್ನು ಬೇಡ ಎಂದೇ ಬರೆಯುತ್ತವೆ. ಎರಡು ಒಳ್ಳೆಯ ಪ್ರೈಮರ್ ಸೇರಿದರೆ ಇನ್ನೂ ಒಳ್ಳೆಯದಾಗುತ್ತದೆಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ.

ಎರಡು ಡಬ್ಬಿಯ ಎಪಾಕ್ಸಿ ಪ್ರೈಮರೇ, ಅದರಲ್ಲೂ ಜಿಂಕ್ ಫಾಸ್ಫೇಟ್ ಇರುವಂಥದ್ದೇ, ಬ್ಲಾಸ್ಟ್ ಆದ ಚಾಸಿಗೆ ನನ್ನ ಮೊದಲ ಆಯ್ಕೆ. ರಾಳ ಮತ್ತು ಹಾರ್ಡನರ್ ಸೇರಿ ನಡೆಯುವ ರಾಸಾಯನಿಕ ಕ್ರಿಯೆಯಲ್ಲಿ ಅದು ಗಟ್ಟಿಯಾಗುತ್ತದೆ. ಲೋಹಕ್ಕೆ ಬಿಗಿಯಾಗಿ ಅಂಟುತ್ತದೆ, ನೀರು, ಡೀಸೆಲ್ಲು, ಬ್ಯಾಟರಿಯ ಸುತ್ತಲಿನ ಕಾಟ ಎಲ್ಲವನ್ನೂ ಎನಾಮೆಲ್ಲಿಗಿಂತ ಚೆನ್ನಾಗಿ ತಡೆಯುತ್ತದೆ. ಬಿಸಿಲು ಅದರ ದೌರ್ಬಲ್ಯ. ಕೆಲವೇ ತಿಂಗಳಲ್ಲಿ ಸುಣ್ಣದ ಪುಡಿಯ ಹಾಗೆ ಮೇಲ್ಮೈ ಬಿಳಚುತ್ತದೆ. ಅದಕ್ಕೇ ಮೇಲೆ ಪಾಲಿಯುರಿಥೇನ್ ಬೇಕು. ಬೈಕಿನ ಫ್ರೇಮಿಗಂತೂ ತಪ್ಪದೆ ಬೇಕು, ಜೀಪಿನ ಕೆಳಭಾಗಕ್ಕೆ ಬಿಸಿಲು ಬೀಳದಿದ್ದರೂ ಹೊರಮುಖಗಳಿಗೆ ಬೀಳುತ್ತದೆ. ಎರಡು ಕೈ ಎಪಾಕ್ಸಿ ಸೇರಿ ಒಣಗಿದ ಮೇಲೆ ನೂರು ಮೈಕ್ರಾನಿಗಿಂತ ಕಡಿಮೆಯಿಲ್ಲದ ಹಾಗೆ, ಅದರ ಮೇಲೆ ಐವತ್ತು ಮೈಕ್ರಾನ್ ಪಾಲಿಯುರಿಥೇನ್ ಇರುವ ಹಾಗೆ ನೋಡಿಕೊಂಡರೆ ನಮ್ಮ ರಸ್ತೆಗಳಿಗೆ ಭದ್ರವಾದ ಹೊದಿಕೆ. ಕಂಪನಿ ಕೊಟ್ಟ ಅಳತೆಯಲ್ಲೇ ಹಾರ್ಡನರ್ ಬೆರೆಸಬೇಕು. ಬೇಗ ಒಣಗಲಿ ಎಂದು ಹೆಚ್ಚು ಹಾಕುವ ಅಭ್ಯಾಸ ಪದರವನ್ನು ದುರ್ಬಲ ಮಾಡುತ್ತದೆ. ಮುಂದಿನ ಕೈ ಹೊಡೆಯಲು ಕೊಟ್ಟ ಅವಧಿ ಮೀರಿದರೆ ಒರಟು ಮಾಡದೆ ಮೇಲೆ ಹೊಡೆಯುವಂತಿಲ್ಲ.

ಸತು ತುಂಬಿದ ಪ್ರೈಮರುಗಳದು ಬೇರೆಯೇ ತತ್ತ್ವ. ಕಬ್ಬಿಣಕ್ಕಿಂತ ಸತು ಬೇಗ ಕರಗುವ ಲೋಹ. ಎರಡೂ ವಿದ್ಯುತ್ ಸಂಪರ್ಕದಲ್ಲಿದ್ದರೆ ಗೀರು ಬಿದ್ದ ಕಡೆ ಸತು ಕರಗಿ ಉಕ್ಕನ್ನು ಉಳಿಸುತ್ತದೆ. ಇದಕ್ಕಾಗಿ ಒಣಪದರದ ತೂಕದಲ್ಲಿ ಕನಿಷ್ಠ ಶೇಕಡ 80 ಸತು ಇರಬೇಕೆಂದು ಐಎಸ್‌ಒ 12944 ಹೇಳುತ್ತದೆ. ಸತುವಿನ ಕಣಗಳು ಒಂದಕ್ಕೊಂದು ತಾಗುತ್ತ ಕೊನೆಗೆ ಉಕ್ಕಿಗೆ ತಾಗಬೇಕು, ಅಂದರೆ ನಡುವೆ ತುಕ್ಕಿರಬಾರದು, ಹಳೆಯ ಬಣ್ಣವಿರಬಾರದು. ಕೋಲ್ಡ್ ಗ್ಯಾಲ್ವನೈಸಿಂಗ್ ಎಂಬ ಸ್ಪ್ರೇ ಡಬ್ಬಿಯನ್ನು ಕೈಯಲ್ಲಿ ಉಜ್ಜಿದ ತುಕ್ಕಿನ ಮೇಲೆ ಹೊಡೆದವರಿಗೆ ಸಿಗುವುದು ಬೂದು ಬಣ್ಣ ಮಾತ್ರ. ಎಸ್‌ಎ 2½ ಸಾಧ್ಯವಿದ್ದು, ಗಾಡಿ ಕರಾವಳಿಯಲ್ಲೇ ಓಡುವುದಾದರೆ ಸತುವಿನ ಎಪಾಕ್ಸಿ, ಅದರ ಮೇಲೆ ಸಾದಾ ಎಪಾಕ್ಸಿ, ಅದರ ಮೇಲೆ ಪಾಲಿಯುರಿಥೇನ್ ಎಂಬ ಮೂರು ಪದರ ನಿಜಕ್ಕೂ ಸಾರ್ಥಕ.

ಕರಗಿದ ಸತುವಿನಲ್ಲೇ ಮುಳುಗಿಸಿ ತೆಗೆಯುವ ಹಾಟ್ ಡಿಪ್ ಗ್ಯಾಲ್ವನೈಸಿಂಗ್ ಇದರ ಹಿರಿಯಣ್ಣ. ಸುಮಾರು 450 ಡಿಗ್ರಿ ಸೆಲ್ಸಿಯಸ್ಸಿನ ತೊಟ್ಟಿಯಲ್ಲಿ ಸತು ಉಕ್ಕಿನೊಂದಿಗೆ ಬೆರೆತು ಮಿಶ್ರಲೋಹದ ಪದರವಾಗುತ್ತದೆ. ಮೂರರಿಂದ ಆರು ಮಿಲಿಮೀಟರ್ ದಪ್ಪದ ಉಕ್ಕಿಗೆ ಐಎಸ್‌ಒ 1461 ಸರಾಸರಿ 70 ಮೈಕ್ರಾನ್ ಸತುವನ್ನು ಕೇಳುತ್ತದೆ. ಸಿ3 ವಾತಾವರಣದಲ್ಲಿ ಸತು ವರ್ಷಕ್ಕೆ ಹೆಚ್ಚೆಂದರೆ ಎರಡು ಮೈಕ್ರಾನ್ ಸವೆಯುವುದರಿಂದ ಮೂವತ್ತು ವರ್ಷಕ್ಕೆ ಮೋಸವಿಲ್ಲ. ಸಿ5ರ ಕರಾವಳಿಯಲ್ಲಿ ಸವೆತ ನಾಲ್ಕರಿಂದ ಎಂಟು ಮೈಕ್ರಾನ್, ಅಂದರೆ ಎಂಟರಿಂದ ಹದಿನಾರು ವರ್ಷ. ಅಲ್ಲಿ ಸತುವಿನ ಮೇಲೂ ಬಣ್ಣ ಬೇಕು. ಇದರ ದೊಡ್ಡ ಲಾಭವೆಂದರೆ ಸತು ಒಳಗೂ ಹೊರಗೂ ಹರಿಯುತ್ತದೆ. ದೊಡ್ಡ ಅಪಾಯವೂ ಅಲ್ಲೇ ಇದೆ. ಮುಚ್ಚಿದ ಕೊಳವೆಯೊಳಗೆ ಗಾಳಿ, ತೇವ ಸಿಕ್ಕಿಕೊಂಡರೆ ತೊಟ್ಟಿಯಲ್ಲಿ ಸ್ಫೋಟವೇ ಆಗಬಹುದು, ಆದ್ದರಿಂದ ಗಾಳಿ ಹೋಗಲು, ಸತು ಇಳಿಯಲು ತೂತು ಕೊರೆದಿರಬೇಕು. ಉದ್ದನೆಯ ತೆಳು ಚಾಸಿ ಆ ಕಾವಿಗೆ ತಿರುಚಿಕೊಳ್ಳಲೂಬಹುದು. ಹಾಗಾಗಿ ಹೊಸದಾಗಿ, ಇದಕ್ಕೆಂದೇ ವಿನ್ಯಾಸ ಮಾಡಿ ಕಟ್ಟಿದ ಚಾಸಿಗೆ ಇದು ಅತ್ಯುತ್ತಮ. ಹಳೆಯ ಬೈಕಿನ ಫ್ರೇಮಿಗೆ ನಾನು ಶಿಫಾರಸು ಮಾಡುವುದಿಲ್ಲ.

ಬ್ರಿಟನ್ನಿನ ಲ್ಯಾಂಡ್ ರೋವರ್ ಈ ವಿಷಯದಲ್ಲಿ ಒಳ್ಳೆಯ ಪಾಠ. 1948ರಲ್ಲಿ ಬಂದ ಆ ಗಾಡಿಗೆ ಯುದ್ಧಾನಂತರದ ಉಕ್ಕಿನ ಕೊರತೆಯಿಂದಾಗಿ ಅಲ್ಯೂಮಿನಿಯಂ ಮಿಶ್ರಲೋಹದ ಬಾಡಿ ಕೂರಿಸಿದರು. ಚಾಸಿ ಮಾತ್ರ ತಗಡುಗಳನ್ನು ಬೆಸೆದ ಉಕ್ಕಿನ ಪೆಟ್ಟಿಗೆ. ಬಾಡಿ ದಶಕಗಟ್ಟಲೆ ಉಳಿಯಿತು, ಚಾಸಿ ಒಳಗಿನಿಂದ ಕೊಳೆಯಿತು. ಹೊಸ ಗ್ಯಾಲ್ವನೈಸ್ಡ್ ಚಾಸಿ ತಯಾರಿಸಿ ಮಾರುವುದೇ ಅಲ್ಲಿ ಒಂದು ವೃತ್ತಿಯಾಗಿ ಬೆಳೆಯಿತು. ಇನ್ನೊಂದು ಪಾಠ ಅಮೆರಿಕದ್ದು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಆ ದೇಶದಲ್ಲಿ ಟೊಯೊಟಾದ ಟಕೋಮಾ ಮೊದಲಾದ ಪಿಕಪ್ಪುಗಳ ಚಾಸಿಗಳು ತೂತು ಬೀಳುವಷ್ಟು ತುಕ್ಕು ಹಿಡಿದವು ಎಂದು ಮಾಲೀಕರು ಹೂಡಿದ ಮೊಕದ್ದಮೆಯಲ್ಲಿ ಕಂಪನಿ 2016ರಲ್ಲಿ ರಾಜಿಗೆ ಒಪ್ಪಿತು. ಸುಮಾರು 15 ಲಕ್ಷ ಗಾಡಿಗಳು, 340 ಕೋಟಿ ಡಾಲರ್‌ವರೆಗಿನ ಅಂದಾಜು. ಅಷ್ಟು ದೊಡ್ಡ ಕಾರ್ಖಾನೆಯ ವ್ಯವಸ್ಥೆಗೇ ಹೀಗಾಗುವುದಾದರೆ ನಮ್ಮ ಗ್ಯಾರೇಜಿನ ಸ್ಪ್ರೇ ಗನ್ ಮುಟ್ಟದ ಮೂಲೆಗಳ ಬಗ್ಗೆ ಎಷ್ಟು ಎಚ್ಚರ ಬೇಕು.

ಕಾರ್ಖಾನೆಗಳಲ್ಲಿ ಈಗ ಪ್ರೈಮರ್ ಹಚ್ಚುವುದು ಬಹುಪಾಲು ಮುಳುಗಿಸಿ. ಫಾಸ್ಫೇಟಿನ ತೊಟ್ಟಿಯಲ್ಲಿ ಅದ್ದಿ, ಆಮೇಲೆ ನೀರಿನಲ್ಲಿ ತೇಲುವ ಎಪಾಕ್ಸಿ ಕಣಗಳ ತೊಟ್ಟಿಗೆ ಇಳಿಸಿ ವಿದ್ಯುತ್ ಹರಿಸುತ್ತಾರೆ. ಬಣ್ಣ ತಾನಾಗಿ ಬರಿ ಲೋಹ ಇರುವ ಕಡೆಯೆಲ್ಲ ಹೋಗಿ ಕೂರುತ್ತದೆ, ಸುಮಾರು 20 ಮೈಕ್ರಾನ್. 1960ರ ದಶಕದಲ್ಲಿ ಫೋರ್ಡ್ ಕಂಪನಿಯ ಜಾರ್ಜ್ ಬ್ರೂವರ್ ಇದನ್ನು ಕಾರುಗಳಿಗೆ ತಂದರು. ಕೈಯಲ್ಲಿ ಒಂದು ಚಾಸಿ ಹಿಡಿದು ಹೋದವರಿಗೆ ಈ ಸೌಲಭ್ಯ ಸುಲಭಕ್ಕೆ ಸಿಗುವುದಿಲ್ಲ. ಸಿಕ್ಕರೆ ಬಿಡಬಾರದು.

ಪೌಡರ್ ಕೋಟಿಂಗಿನ ಆಕರ್ಷಣೆ ನನಗೆ ಅರ್ಥವಾಗುತ್ತದೆ. ಬೈಕಿನ ಫ್ರೇಮು ಓವನ್ನಿಗೆ ಹಿಡಿಸುತ್ತದೆ, 180-200 ಡಿಗ್ರಿಯಲ್ಲಿ ಕರಗಿ ಕೂತ 60-80 ಮೈಕ್ರಾನಿನ ಹೊಳಪು ಚೆನ್ನಾಗಿ ಕಾಣುತ್ತದೆ, ಅದೇ ದಿನ ಮನೆಗೆ ತರಬಹುದು. ಆದರೆ ಗೇಟು, ಗ್ರಿಲ್ಲು, ಕುರ್ಚಿಗೆ ಮಾಡುವ ಒಂದೇ ಪದರದ ಪಾಲಿಯೆಸ್ಟರ್ ಪೌಡರನ್ನು ಫ್ರೇಮಿಗೂ ಮಾಡಿಬಿಟ್ಟರೆ ಸಾಲದು. ಕೊಳವೆಗಳು ಸೇರುವ ಇಕ್ಕಟ್ಟು ಮೂಲೆಗಳಿಗೆ ವಿದ್ಯುತ್ ಕ್ಷೇತ್ರ ತಲುಪದೆ ಪುಡಿ ತೆಳುವಾಗಿ ಕೂರುತ್ತದೆ. ನೀರು ನಿಲ್ಲುವುದು ಆ ಮೂಲೆಗಳಲ್ಲೇ. ಒಂದು ಕಲ್ಲು ಸಿಡಿದು ಚಕ್ಕೆ ಎದ್ದರೆ ನೀರು ಅಂಚಿನಿಂದ ಒಳನುಗ್ಗಿ ತೆವಳುತ್ತದೆ. ಮೇಲಿನ ಪ್ಲಾಸ್ಟಿಕ್ಕಿನಂಥ ಪದರ ಗಟ್ಟಿಯಾಗಿಯೇ ಕಾಣುತ್ತದೆ, ಉಗುರಿನಿಂದ ಒತ್ತಿದರೆ ಕೆಳಗೆ ಪೊಳ್ಳು. ತಿದ್ದಲು ಊರಿನ ಪೇಂಟರ ಕೈಯಲ್ಲಿ ಆಗುವುದಿಲ್ಲ. ಕೇಳಲೇಬೇಕಾದ್ದು ಎರಡು ಪದರ: ಕೆಳಗೆ ಎಪಾಕ್ಸಿ ಅಥವಾ ಸತುವಿನ ಪ್ರೈಮರ್ ಪೌಡರ್, ಮೇಲೆ ಪಾಲಿಯೆಸ್ಟರ್. ಬೇರಿಂಗ್ ಕೂರುವ ಜಾಗ, ಥ್ರೆಡ್ಡುಗಳು, ಇಂಜಿನ್ ಕೂರುವ ಮುಖ, ಅರ್ಥಿಂಗ್ ಬೋಲ್ಟಿನ ಜಾಗ ಇವನ್ನೆಲ್ಲ ಮುಚ್ಚಿಸಿರಬೇಕು. ಕೊಳವೆಯೊಳಗಿನ ಹಳೆಯ ಎಣ್ಣೆಯನ್ನು ಮೊದಲೇ ಕಾಯಿಸಿ ಸುಡದಿದ್ದರೆ ಓವನ್ನಿನಲ್ಲಿ ಅದು ಹೊರಬಂದು ಬಣ್ಣದಲ್ಲಿ ಕುಳಿ ಬೀಳಿಸುತ್ತದೆ.

ಬ್ಲಾಸ್ಟಿಂಗ್ ಸಾಧ್ಯವೇ ಇಲ್ಲದ ಕಡೆ ಇರುವ ದಾರಿಗಳು ಎರಡು. ಒಂದು, ತುಕ್ಕನ್ನೇ ಬದಲಿಸುವ ದ್ರಾವಣಗಳು. ಟ್ಯಾನಿಕ್ ಆಮ್ಲ ತುಕ್ಕಿನ ಜೊತೆ ಸೇರಿ ನೀಲಿಗಪ್ಪಿನ ಗಟ್ಟಿ ವಸ್ತುವಾಗುತ್ತದೆ. ಅಳಲೆಕಾಯಿಗೆ ಅನ್ನಭೇದಿ ಸೇರಿಸಿ ನಮ್ಮವರು ಮಸಿ ಮಾಡುತ್ತಿದ್ದುದೂ ಇದೇ ರಸಾಯನ. ತೆಳುವಾದ, ಗಟ್ಟಿಯಾಗಿ ಹಿಡಿದ ತುಕ್ಕಿಗೆ ಇದು ನಾಟುತ್ತದೆ. ಪದರ ಪದರವಾಗಿ ಎದ್ದಿರುವ ತುಕ್ಕಿನಲ್ಲಿ ಮೇಲುಮೇಲಷ್ಟೇ ಬದಲಾಗಿ ಕೆಳಗೆ ಹಳೆಯ ಕೆಲಸ ಮುಂದುವರಿಯುತ್ತದೆ. ಇನ್ನೊಂದು, ಗಾಳಿಯ ತೇವವನ್ನೇ ಹೀರಿ ಗಟ್ಟಿಯಾಗುವ ಒಂದೇ ಡಬ್ಬಿಯ ಪಾಲಿಯುರಿಥೇನ್. ಪಿಒಆರ್-15 ಎಂಬ ಹೆಸರಿನಲ್ಲಿ ಹೊರದೇಶಗಳಲ್ಲಿ ಪ್ರಸಿದ್ಧ. ತುಕ್ಕು ಉಳಿದ ಒರಟು ಮೈಗೆ ಬಿಗಿಯಾಗಿ ಅಂಟುತ್ತದೆ, ನುಣುಪಾದ ಹೊಸ ಉಕ್ಕಿಗೆ ಅಷ್ಟು ಒಲಿಯುವುದಿಲ್ಲ, ಬಿಸಿಲು ತಾಗುವಲ್ಲಿ ಮೇಲ್ಪದರ ಬೇಕು.

ಚಾಸಿ ಬ್ಲ್ಯಾಕ್, ಟಾರಿನಂಥ ಅಂಡರ್‌ಬಾಡಿ ಕೋಟಿಂಗ್‌ಗಳನ್ನು ಬರಿ ಲೋಹಕ್ಕೆ ನೇರವಾಗಿ ಬಳಿಯುವುದು ನಮ್ಮಲ್ಲಿ ಬಹಳ. ಒಳ್ಳೆಯ ಎಪಾಕ್ಸಿಯ ಮೇಲೆ, ಚಕ್ರದ ಕಲ್ಲೇಟು ಬೀಳುವ ಕಡೆ ಇದು ದಿಂಬಿನ ಕೆಲಸ ಮಾಡುತ್ತದೆ. ಬರಿ ಲೋಹದ ಮೇಲಾದರೆ ಒಣಗಿ ಬಿರುಕುಬಿಟ್ಟು ನೀರನ್ನು ಒಳಗೇ ಹಿಡಿದಿಡುತ್ತದೆ, ತುಕ್ಕು ಕಣ್ಣಿಗೂ ಬೀಳುವುದಿಲ್ಲ. ಹಳೆಯ ಇಂಜಿನ್ ಆಯಿಲ್ ಸ್ಪ್ರೇ ಮಾಡುವುದು ತುಕ್ಕನ್ನು ತಡೆಯುತ್ತದೆ, ಸುಳ್ಳಲ್ಲ. ಆದರೆ ಅದು ರಬ್ಬರ್ ಬುಷ್ಷುಗಳನ್ನು ಉಬ್ಬಿಸುತ್ತದೆ, ದೂಳು ಹಿಡಿದು ಜಡ್ಡುಗಟ್ಟುತ್ತದೆ, ಮುಂದೆ ಬಣ್ಣ ಕೂರದ ಹಾಗೆ ಮಾಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ತೊಟ್ಟಿಕ್ಕಿ ಹಳ್ಳಕ್ಕೆ, ಬಾವಿಯ ಬುಡಕ್ಕೆ ಸೇರುತ್ತದೆ. ಬಳಸಿದ ಆಯಿಲನ್ನು ನಮ್ಮ ಕಾನೂನು ಅಪಾಯಕಾರಿ ತ್ಯಾಜ್ಯವೆಂದು ಪರಿಗಣಿಸಿದೆ.

ಎಣ್ಣೆಯ ಬದಲು ಮೇಣ. ಪೆಟ್ಟಿಗೆಯಂಥ ಪಟ್ಟಿಗಳ, ಕೊಳವೆಗಳ ಒಳಭಾಗಕ್ಕೆ ಯಾವ ಬಣ್ಣವನ್ನೂ ಭರವಸೆಯಿಂದ ಹಚ್ಚಲಾಗದು; ಅಲ್ಲಿಗೆ ಕ್ಯಾವಿಟಿ ವ್ಯಾಕ್ಸ್ ಅಥವಾ ಕುರಿಯ ಉಣ್ಣೆಯಿಂದ ಬರುವ ಲ್ಯಾನೊಲಿನ್ ಬೇಕು. ತುದಿಯಲ್ಲಿ ಎಲ್ಲ ದಿಕ್ಕಿಗೂ ಚಿಮ್ಮುವ ತೂತುಗಳಿರುವ ಉದ್ದನೆಯ ಕೊಳವೆಯನ್ನು ಒಳಗೆ ತೂರಿಸಿ ನಿಧಾನವಾಗಿ ಹೊರಗೆಳೆಯುತ್ತ ಸಿಂಪಡಿಸಬೇಕು. ಮೇಣ ಪೂರ್ತಿ ಗಟ್ಟಿಯಾಗದೆ ಸಂದಿಗಳಿಗೆ ನುಸುಳುತ್ತಿರುತ್ತದೆ. ಇದು ಬಣ್ಣ, ವೆಲ್ಡಿಂಗ್ ಎಲ್ಲ ಮುಗಿದ ಮೇಲಿನ ಕೆಲಸ. ಮೇಣ ತುಂಬಿದ ಪೆಟ್ಟಿಗೆಗೆ ವೆಲ್ಡಿಂಗ್ ಜ್ವಾಲೆ ತಾಗಿದರೆ ಹೊತ್ತಿಕೊಳ್ಳುತ್ತದೆ. ಚಾಸಿಗೆ ಮೀಸಲಿಟ್ಟ ಹಣದಲ್ಲಿ ಒಂದು ಪಾಲನ್ನು ಇದಕ್ಕೆ ತೆಗೆದಿಡದೆ ಪೂರ್ತಿ ಹೊರಬಣ್ಣಕ್ಕೇ ಸುರಿಯುವುದು ಈ ಇಡೀ ವ್ಯವಹಾರದಲ್ಲಿ ಅತಿ ಸಾಮಾನ್ಯ ತಪ್ಪು.

ಲಾರಿ, ಜೀಪುಗಳಲ್ಲಿ ಎರಡು ತಗಡನ್ನು ರಿವೆಟ್ ಹೊಡೆದು ಜೋಡಿಸಿದ ಕಡೆ ಗಮನ ಇನ್ನೂ ಹೆಚ್ಚು ಬೇಕು. ಉಕ್ಕಿಗಿಂತ ತುಕ್ಕಿಗೆ ಜಾಗ ಹೆಚ್ಚು ಬೇಕು. ಸಂದಿಯಲ್ಲಿ ಹುಟ್ಟಿದ ತುಕ್ಕು ಉಬ್ಬುತ್ತ ತಗಡುಗಳನ್ನೇ ಅಗಲಿಸಿ ರಿವೆಟ್ಟನ್ನು ಎಳೆದು ಕಿತ್ತುಹಾಕಬಲ್ಲದು. ಪ್ರೈಮರ್ ಆದ ಮೇಲೆ ಇಂಥ ಸಂದಿಗಳಿಗೆ ಸೀಮ್ ಸೀಲರ್ ತುಂಬಿ ಆಮೇಲೆ ಮೇಲ್ಬಣ್ಣ ಹೊಡೆಯಬೇಕು. ಚೂಪಾದ ಅಂಚುಗಳಲ್ಲಿ ಬಣ್ಣ ಹಿಂದೆ ಸರಿದು ತೆಳುವಾಗುತ್ತದೆ. ಅಂಚು, ವೆಲ್ಡಿಂಗ್ ಗೆರೆ, ಬೋಲ್ಟಿನ ತೂತುಗಳಿಗೆ ಮೊದಲು ಬ್ರಷ್ಷಿನಿಂದ ಒಂದು ಕೈ ಹಚ್ಚಿ ಆಮೇಲೆ ಗನ್ ಹಿಡಿಯುವ ಪೇಂಟರು ಸಿಕ್ಕರೆ ಅವರನ್ನು ಕೈಬಿಡಬೇಡಿ.

ಕೆಲಸದ ಕಾಲವೂ ಮುಖ್ಯ. ಲೋಹದ ಕಾವು ಆ ಹೊತ್ತಿನ ಇಬ್ಬನಿ ಬಿಂದುವಿಗಿಂತ ಕನಿಷ್ಠ ಮೂರು ಡಿಗ್ರಿ ಮೇಲಿರಬೇಕು, ಗಾಳಿಯ ತೇವ ಶೇಕಡ 85 ದಾಟಿರಬಾರದು. ಆಷಾಢದ ಮಲೆನಾಡಿನಲ್ಲಿ ಇದು ಅಸಾಧ್ಯ. ಜನವರಿಯ ಬೆಳಗಿನ ಮಂಜಿನಲ್ಲೂ ದಪ್ಪ ಚಾಸಿ ರಾತ್ರಿಯ ತಂಪನ್ನು ಹಿಡಿದುಕೊಂಡು ಬೆವರುತ್ತಿರುತ್ತದೆ. ಬಿಸಿಲೇರಿದ ಮೇಲೆ ಶುರುಮಾಡಿ ಮಧ್ಯಾಹ್ನದೊಳಗೆ ಮುಗಿಸುವುದು ಮೇಲು. ಡಬ್ಬಿಯ ಮೇಲೆ ಉಪ್ಪುನೀರಿನ ಪರೀಕ್ಷೆಯಲ್ಲಿ ಇಷ್ಟು ಸಾವಿರ ಗಂಟೆ ಎಂದು ಬರೆದಿರುತ್ತಾರೆ. 35 ಡಿಗ್ರಿಯಲ್ಲಿ ಶೇಕಡ 5ರ ಉಪ್ಪುನೀರನ್ನು ಬಿಡದೆ ಸಿಂಪಡಿಸುವ ಆ ಪರೀಕ್ಷೆ ಎರಡು ಬಣ್ಣಗಳನ್ನು ಹೋಲಿಸಲು ಅಷ್ಟಿಷ್ಟು ನೆರವಾದೀತು. ಅದರ ಗಂಟೆಗಳನ್ನು ನಮ್ಮ ರಸ್ತೆಯ ವರ್ಷಗಳಿಗೆ ಪರಿವರ್ತಿಸುವ ಸೂತ್ರವೇ ಇಲ್ಲ.

ಎರಡು ಡಬ್ಬಿಯ ಪಾಲಿಯುರಿಥೇನಿನ ಹಾರ್ಡನರಿನಲ್ಲಿ ಐಸೋಸಯನೇಟ್ ಇರುತ್ತದೆ. ಸ್ಪ್ರೇ ಮಾಡಿದಾಗ ಉಸಿರಿಗೆ ಹೋದರೆ ಆಸ್ತಮಾ ಹತ್ತಬಹುದು, ಒಮ್ಮೆ ಹತ್ತಿದವರಿಗೆ ಆಮೇಲೆ ತೀರಾ ಅಲ್ಪ ಪ್ರಮಾಣವೂ ಸಾಕು ಉಸಿರುಗಟ್ಟಿಸಲು. ಹೊರಗಿನಿಂದ ಗಾಳಿ ಒದಗಿಸುವ ಮಾಸ್ಕ್ ಇದಕ್ಕೆ ಸರಿಯಾದದ್ದು. ಅಂಥ ಏರ್ಪಾಡಿಲ್ಲದ ಗ್ಯಾರೇಜಿನಲ್ಲಿ, ಮನೆಯ ಶೆಡ್ಡಿನಲ್ಲಿ ಪಾಲಿಯುರಿಥೇನ್ ಸ್ಪ್ರೇ ಬೇಡ. ಎಪಾಕ್ಸಿಯನ್ನು ಕೈಗವಸು ಹಾಕಿ, ಗಾಳಿಯಾಡುವ ಕಡೆ ಬ್ರಷ್ಷಿನಿಂದ ಹಚ್ಚಿ, ಮೇಲೆ ಬ್ರಷ್ಷಿನಲ್ಲೇ ಒಳ್ಳೆಯ ಎನಾಮೆಲ್ ಹಾಕಿದರೂ ಜೀಪಿನ ಚಾಸಿಗೆ ಸಾಕು. ಬ್ರಷ್ಷಿನ ಗೆರೆ ಕಾಣುತ್ತದೆ, ಲೋಹಕ್ಕೆ ಅದರಿಂದ ನಷ್ಟವಿಲ್ಲ.

ಒಣಗಿದ ಬಣ್ಣ ನಿಜಕ್ಕೂ ಹಿಡಿದಿದೆಯೇ ಎಂಬುದನ್ನು ಹಣ ಕೊಡುವ ಮುಂಚೆ ನೋಡಬಹುದು. ಚಾಸಿಯ ಜೊತೆಗೆ ಅದೇ ಉಕ್ಕಿನ ಒಂದು ತುಂಡನ್ನೂ ಬ್ಲಾಸ್ಟ್ ಮಾಡಿಸಿ, ಅದಕ್ಕೂ ಅದೇ ಬಣ್ಣ ಹೊಡೆಸಿಡಿ. ವಾರ ಕಳೆದ ಮೇಲೆ ಹರಿತ ಬ್ಲೇಡಿನಲ್ಲಿ ಅಡ್ಡ ಆರು, ಉದ್ದ ಆರು ಗೆರೆಗಳನ್ನು ಲೋಹ ಮುಟ್ಟುವಂತೆ ಎಳೆದು, ಮೇಲೆ ಗಟ್ಟಿ ಟೇಪು ಒತ್ತಿ ಸರಕ್ಕನೆ ಕೀಳಬೇಕು. ಚೌಕಗಳು ಉಳಿದರೆ ಸರಿ. ಕಿತ್ತು ಬಂದರೆ ಟೇಪಿನ ಹಿಂಬದಿ ನೋಡಿ: ಲೋಹದಿಂದಲೇ ಎದ್ದಿದ್ದರೆ ಶುಚಿಯ ದೋಷ, ಪ್ರೈಮರ್ ಉಳಿದು ಮೇಲ್ಪದರ ಮಾತ್ರ ಎದ್ದಿದ್ದರೆ ಎರಡು ಕೈಗಳ ನಡುವಿನ ಅವಧಿಯ ದೋಷ. ಪ್ರೈಮರಿನ ಹೆಸರು, ಹಾರ್ಡನರಿನ ಅಳತೆ, ಹೊಡೆದ ತಾರೀಖು ಒಂದು ಹಾಳೆಯಲ್ಲಿ ಬರೆದು ಆರ್‌ಸಿ ಪುಸ್ತಕದ ಜೊತೆ ಇಟ್ಟರೆ ಮುಂದೆ ತಿದ್ದುವ ಪೇಂಟರಿಗೆ ಯಾವುದರ ಮೇಲೆ ಯಾವುದು ಕೂರುತ್ತದೆಂದು ಗೊತ್ತಾಗುತ್ತದೆ. ದಸರೆಯ ಆಯುಧಪೂಜೆಗೆ ಗಾಡಿ ತೊಳೆಯುವಾಗ, ಮಳೆ ಆಗಷ್ಟೇ ಹಿಂದೆ ಸರಿದಿರುತ್ತದೆ, ಚಾಸಿಯ ಕೆಳಗೂ ನೀರು ಬಿಟ್ಟು ಕೆಸರು ಇಳಿಸಿ, ನೀರಿಳಿಯುವ ತೂತುಗಳಿಗೆ ತಂತಿ ಹಾಕಿ ಬಿಡಿಸಿ, ಎರಡು ದಿನ ಒಣಗಲು ಬಿಟ್ಟು, ಚಕ್ಕೆ ಎದ್ದ ಕಡೆ ಉಜ್ಜಿ ಎಪಾಕ್ಸಿ ಮುಟ್ಟಿಸಿ, ಒಳಗಿನ ಮೇಣ ತೆಳುವಾಗಿದ್ದರೆ ಮತ್ತೊಮ್ಮೆ ಸಿಂಪಡಿಸಬೇಕು.